ತಾಳಗುಪ್ಪ ಮೀಟರ್‌ಗೇಜ್ ಮಾದರಿಗೆ ಯಾವ ಹಳಿ? ಪೆಕೋದ ಎರಡು 12 ಮಿ.ಮೀ. ಟ್ರ್ಯಾಕ್‌ಗಳ ವಿಮರ್ಶೆ

ಶಿವಮೊಗ್ಗ–ತಾಳಗುಪ್ಪ ಮಾರ್ಗದ ಮೀಟರ್‌ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ದಿನಗಳನ್ನು ಚಿಕ್ಕ ಮಾದರಿಯಾಗಿ ಮೇಜಿನ ಮೇಲೆ ಕಟ್ಟಬೇಕೆನ್ನುವವರು ಎಂಜಿನ್ ಹುಡುಕುವ ಮೊದಲು ಹಳಿಯನ್ನು ಗಟ್ಟಿ ಮಾಡಿಕೊಳ್ಳಬೇಕು. ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು, ಯಾವ ಸ್ಟೇಷನ್ ಆರಿಸಿಕೊಂಡರೂ ನೋಡುವವರ ಕಣ್ಣು ಮೊದಲು ಹೋಗುವುದು ಹಳಿಗೇ. ದಪ್ಪ ಹಳಿ, ಅದರ ಕೆಳಗೆ ಒತ್ತೊತ್ತಾದ ಸ್ಲೀಪರ್ (ಹಳಿ ಹೊರುವ ಅಡ್ಡಪಟ್ಟಿ) ಹಾಕಿದರೆ ಕಟ್ಟಡ ಎಷ್ಟೇ ಚೆನ್ನಾಗಿ ಬಂದರೂ ಮಲೆನಾಡಿನ ಬ್ರಾಂಚ್ ಲೈನ್ ಅನ್ನಿಸುವುದಿಲ್ಲ.

ಅಳತೆ 1:87 ಇರಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಈ ಅಳತೆಯಲ್ಲಿ 1000 ಮಿ.ಮೀ. ಗೇಜ್ 11.5 ಮಿ.ಮೀ. ಆಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ 12 ಮಿ.ಮೀ. ಹಳಿ ಅದಕ್ಕೆ ಅರ್ಧ ಮಿ.ಮೀ. ಮಾತ್ರ ಹೆಚ್ಚು, ಕಣ್ಣಿಗೆ ತಿಳಿಯದು. 1:76ಕ್ಕೆ ಹೋದರೆ ಅದೇ 12 ಮಿ.ಮೀ. ಮೂರು ಅಡಿ ಗೇಜ್ ಆಗಿಬಿಡುತ್ತದೆ. ಅದು ನಮ್ಮ ರೈಲಲ್ಲ.

ಮಾದರಿ ರೈಲಿನ ಹಳಿ ಮಾಡುವ ಬ್ರಿಟನ್ನಿನ ಪೆಕೋ ಕಂಪನಿಯ 12 ಮಿ.ಮೀ. ಫ್ಲೆಕ್ಸಿ (ಬೇಕಾದಂತೆ ಬಾಗಿಸಬಹುದಾದ) ಟ್ರ್ಯಾಕ್‌ನಲ್ಲಿ ಎರಡು ಬಗೆ. ಒಂದು ಎಚ್‌ಒಎಂ, ಅಂದರೆ 1:87ರ ಮೀಟರ್‌ಗೇಜಿಗೆಂದೇ ಮಾಡಿದ್ದು, ಕೋಡ್ 75 ಹಳಿ. ಇನ್ನೊಂದು 2022ರಲ್ಲಿ ಬಂದ ಟಿಟಿ:120, ಕೋಡ್ 55 ಹಳಿ. ಎರಡನೆಯದು 1:120 ಅಳತೆಯ ಸ್ಟ್ಯಾಂಡರ್ಡ್ ಗೇಜಿನದು (ನಿಜದಲ್ಲಿ 1435 ಮಿ.ಮೀ.). ಹೆಸರು ನೋಡಿ ಕೊಳ್ಳುವವರು ಮೊದಲನೆಯದನ್ನೇ ತರಿಸುತ್ತಾರೆ. ನೋಟದ ಮಟ್ಟಿಗೆ ನಮ್ಮ ಮಾರ್ಗಕ್ಕೆ ಹತ್ತಿರವಾಗುವುದು ಎರಡನೆಯದು, ಸ್ವಲ್ಪ ಕೈಕೆಲಸ ಮಾಡಿಕೊಂಡರೆ.

ಲೆಕ್ಕ ನೋಡಿ. ಕೋಡ್ ಎಂದರೆ ಇಂಚಿನ ಸಾವಿರದ ಭಾಗದಲ್ಲಿ ಹಳಿಯ ಎತ್ತರ. ಕೋಡ್ 75 ಎಂದರೆ 1.9 ಮಿ.ಮೀ. 87ರಿಂದ ಗುಣಿಸಿದರೆ 166 ಮಿ.ಮೀ., ಅಂದರೆ ಹೆಚ್ಚುಕಡಿಮೆ ಇಂದಿನ ಬ್ರಾಡ್‌ಗೇಜ್ ಮುಖ್ಯ ಮಾರ್ಗದ ಹಳಿಯ ಎತ್ತರ. ಭಾರತದ ಮೀಟರ್‌ಗೇಜಿನಲ್ಲಿ ಬಳಕೆಯಲ್ಲಿದ್ದ 60 ಪೌಂಡ್ (ಗಜಕ್ಕೆ ಅಷ್ಟು ತೂಗುವ) ಹಳಿಯ ಎತ್ತರ 114 ಮಿ.ಮೀ., 50 ಪೌಂಡಿನದು 105. ಕೋಡ್ 55 ಹಳಿ 1.4 ಮಿ.ಮೀ., ಗುಣಿಸಿದರೆ 122. 60 ಪೌಂಡಿಗೆ ಇದೇ ಹತ್ತಿರ.

ಸ್ಲೀಪರ್ ವಿಷಯ ಇನ್ನೂ ಸ್ವಾರಸ್ಯ. ನಮ್ಮ ಮೀಟರ್‌ಗೇಜಿನ ಮರದ ಸ್ಲೀಪರ್ 1830 ಮಿ.ಮೀ. ಉದ್ದ, 203 ಅಗಲ. 1:87ರಲ್ಲಿ 21 ಮಿ.ಮೀ. ಉದ್ದ, 2.3 ಅಗಲ. ಸ್ಟ್ಯಾಂಡರ್ಡ್ ಗೇಜಿನ 2600 ಮಿ.ಮೀ. ಸ್ಲೀಪರನ್ನು 120ರಿಂದ ಭಾಗಿಸಿದರೂ ಬರುವುದು ಸುಮಾರು 21.7. ಹಾಗಾಗಿ ಟಿಟಿ ಸ್ಲೀಪರ್ ಕತ್ತರಿಸುವ ಅಗತ್ಯವೇ ಇಲ್ಲ. ತಪ್ಪಿರುವುದು ನಡುವಿನ ಅಂತರ ಮಾತ್ರ. 12 ಮೀಟರ್ ಹಳಿಗೆ 16 ಸ್ಲೀಪರ್ ಎಂದು ಹಿಡಿದರೆ ಸರಾಸರಿ 750 ಮಿ.ಮೀ.ಗೊಂದು, ಮಾದರಿಯಲ್ಲಿ 8.6 ಮಿ.ಮೀ.ಗೊಂದು. ಟಿಟಿ ಹಳಿಯಲ್ಲಿ ಅವು ಇದಕ್ಕಿಂತ ಬಹಳ ಒತ್ತಾಗಿವೆ.

ಸ್ಲೀಪರ್ ಬಿಡಿಸಿ ಅಂತರ ಹೆಚ್ಚಿಸುವುದು ಹೀಗೆ. ಟ್ರ್ಯಾಕ್ ಮಗುಚಿ ಹಾಕಿ, ಹಳಿಯ ಕೆಳಗೆ ಸ್ಲೀಪರ್‌ಗಳನ್ನು ಜೋಡಿಸಿರುವ ಪ್ಲಾಸ್ಟಿಕ್ ಕೊಂಡಿಗಳನ್ನು ಹರಿತವಾದ ಬ್ಲೇಡಿನಿಂದ ಪೂರ್ತಿ ಕತ್ತರಿಸಿ. ಒಂದು ತುದಿಯಿಂದ ಹೆಚ್ಚುವರಿ ಸ್ಲೀಪರ್ ಜಾರಿಸಿ ತೆಗೆಯಿರಿ. ದಪ್ಪ ರಟ್ಟಿನ ಪಟ್ಟಿಯಲ್ಲಿ 8.6 ಮಿ.ಮೀ. ಅಂತರಕ್ಕೆ ಗೀರು ಹಾಕಿ, ಅದರ ಪಕ್ಕ ಟ್ರ್ಯಾಕ್ ಇಟ್ಟು ಒಂದೊಂದನ್ನೇ ಸರಿಸಿ. 138 ಮಿ.ಮೀ.ಗೊಮ್ಮೆ ಹಳಿಯ ತಲೆಯ ಮೇಲೆ ಸಣ್ಣ ಗರಗಸದಿಂದ ತೆಳು ಗೀರು ಎಳೆದರೆ 12 ಮೀಟರ್ ಹಳಿಯ ಸಂದು ಕಾಣಿಸುತ್ತದೆ, ಎಂಜಿನ್ ಹೋಗುವಾಗ ಟಕ್ ಎನ್ನುವ ಸದ್ದೂ ಬರುತ್ತದೆ. ಸಂದಿನ ಎರಡು ಬದಿಯ ಸ್ಲೀಪರ್‌ಗಳನ್ನು ಸ್ವಲ್ಪ ಹತ್ತಿರ ತನ್ನಿ, ನಿಜದಲ್ಲೂ ಹಾಗೇ ಇರುತ್ತಿತ್ತು. ಉಳಿದ ಸ್ಲೀಪರ್ ಎಸೆಯಬೇಡಿ, ಗ್ಯಾಂಗ್‌ಮನ್‌ಗಳ ಶೆಡ್ ಪಕ್ಕ ಪೇರಿಸಲು ಬೇಕಾಗುತ್ತವೆ.

ಒಂದು ಎಚ್ಚರಿಕೆ: ಕೊಂಡಿ ಕತ್ತರಿಸಿದ ಮೇಲೆ ಟ್ರ್ಯಾಕಿಗೆ ಬಿಗಿ ಉಳಿಯುವುದಿಲ್ಲ, ಅಂಟಿಸುವವರೆಗೆ ಸ್ಲೀಪರ್ ಓರೆಯಾಗುತ್ತವೆ. ಓರೆಯಾದಲ್ಲಿ ಗೇಜ್ ಕಿರಿದಾಗಿ ಬೋಗಿ ಹಳಿ ತಪ್ಪುತ್ತದೆ. ಪ್ರತಿ ಹತ್ತು ಸ್ಲೀಪರಿಗೊಮ್ಮೆ ಗೇಜ್ ಪಟ್ಟಿ ಇಟ್ಟು ನೋಡಿಯೇ ಅಂಟಿಸಿ.

ಹಾಗಾದರೆ ಎಚ್‌ಒಎಂ ಟ್ರ್ಯಾಕ್ ಬೇಡವೇ? ಬೇಕು, ಕಾಣದ ಜಾಗಕ್ಕೆ. ರೈಲು ನಿಲ್ಲಿಸಿಕೊಳ್ಳುವ ಹಿಂಬದಿಯ ಯಾರ್ಡಿಗೆ ಪೆಟ್ಟಿಗೆಯಿಂದ ತೆಗೆದು ನೇರ ಹಾಕಬಹುದು. ಎತ್ತರದ ಹಳಿ ಇರುವುದರಿಂದ ಆಳ ಫ್ಲಾಂಜ್ (ಚಕ್ರದ ಒಳ ಬದಿಯ ಅಂಚು) ಇರುವ ಹಳೆಯ ಚಕ್ರಗಳೂ ಅದರ ಮೇಲೆ ಓಡುತ್ತವೆ. ಕೋಡ್ 55ರಲ್ಲಿ ಅಂಥ ಚಕ್ರಗಳು ಹಳಿ ಹಿಡಿದಿರುವ ಪ್ಲಾಸ್ಟಿಕ್ ಉಬ್ಬಿಗೆ ತಗುಲಿ ಕಟಕಟ ಎನ್ನಬಹುದು, ಕೊಳ್ಳುವ ಮೊದಲೇ ಫ್ಲಾಂಜ್ ಅಳೆದುಕೊಳ್ಳಿ. ಎರಡೂ ಬಗೆ ಸೇರುವಲ್ಲಿ ಅರ್ಧ ಮಿ.ಮೀ. ಎತ್ತರ ವ್ಯತ್ಯಾಸ ಬರುತ್ತದೆ. ಕೋಡ್ 55ರ ಕೆಳಗೆ ರಟ್ಟು ಕೊಟ್ಟು, ಹಳಿಯ ತಲೆಗಳು ಸಮವಾಗುವಂತೆ ಬೆಸುಗೆ ಹಾಕಬೇಕು. ತಳ ಸಮ ಮಾಡಿದರೆ ಪ್ರಯೋಜನವಿಲ್ಲ.

ಹಳಿ ಎರಡಾಗಿ ಕವಲೊಡೆಯುವ ಪಾಯಿಂಟ್‌ಗಳಲ್ಲಿ ಎರಡೂ ಬಗೆ ಸೋಲುತ್ತವೆ. ನಮ್ಮ ಕಡೆಯ ಕ್ರಾಸಿಂಗ್ (ಕವಲು ಹಳಿ ಮುಖ್ಯ ಹಳಿಯನ್ನು ದಾಟುವ ಕೋನ) ಸಾಮಾನ್ಯವಾಗಿ 1ಕ್ಕೆ 8½, ಸುಮಾರು 6.7 ಡಿಗ್ರಿ. ರೆಡಿಮೇಡ್ ಪಾಯಿಂಟ್‌ಗಳ ಕೋನ ಇದಕ್ಕಿಂತ ಬಹಳ ಹೆಚ್ಚು, ಸ್ಲೀಪರ್ ಸರಿಸಲೂ ಆಗದು. ಪಾಯಿಂಟನ್ನು ಸ್ಟೇಷನ್ ಕಟ್ಟಡದ ಎದುರಿಗೆ ಇಡದೆ ಬೋರ್ಡಿನ ಅಂಚಿಗೆ ತಳ್ಳಿ, ಮಣ್ಣಿನಿಂದ ಸ್ಲೀಪರ್ ಮುಚ್ಚುವುದೇ ಈಗಿರುವ ದಾರಿ.

ಎಷ್ಟು ಬೇಕು? ಎಂಟಕ್ಕೆ ನಾಲ್ಕು ಅಡಿ ಪ್ಲೈವುಡ್ಡನ್ನು ಉದ್ದಕ್ಕೆ ಸೀಳಿದರೆ 2440×610 ಮಿ.ಮೀ.ನ ಎರಡು ಬೋರ್ಡ್. ಒಂದರಲ್ಲಿ ಅರಸಾಳಿನಂಥ ಚಿಕ್ಕ ಸ್ಟೇಷನ್ ಕೂರುತ್ತದೆ: ಮುಖ್ಯ ಹಳಿ, ಒಂದು ಲೂಪ್ (ಪಕ್ಕಕ್ಕೆ ಸರಿದು ಮತ್ತೆ ಸೇರುವ ಹಳಿ), ಒಂದು ಗೂಡ್ಸ್ ಸೈಡಿಂಗ್. 914 ಮಿ.ಮೀ. ಉದ್ದದ ಟ್ರ್ಯಾಕ್ ಆರು, ಕೈತಪ್ಪಿಗೆ ಒಂದು ಹೆಚ್ಚು, ಪಾಯಿಂಟ್ ಮೂರು. 19.5 ಮೀಟರ್ ಬೋಗಿ ಮಾದರಿಯಲ್ಲಿ 224 ಮಿ.ಮೀ., ಹಾಗಾಗಿ ಮೂರು ಬೋಗಿ ಮತ್ತು ಎಂಜಿನ್ನಿಗೆ ಲೂಪಿನಲ್ಲಿ ಕನಿಷ್ಠ 950 ಮಿ.ಮೀ. ಖಾಲಿ ಬಿಡಿ. ತಿರುವಿನ ವಿಷಯದಲ್ಲಿ ರಾಜಿ ಅನಿವಾರ್ಯ: ಮೀಟರ್‌ಗೇಜಿನ ಅತಿ ಕಡಿದಾದ 16 ಡಿಗ್ರಿ ತಿರುವಿನ ತ್ರಿಜ್ಯ 109 ಮೀಟರ್, ಮಾದರಿಯಲ್ಲಿ 1.25 ಮೀಟರ್ ದಾಟುತ್ತದೆ. 600 ಮಿ.ಮೀ.ಗಿಂತ ಕೆಳಗೆ ಇಳಿಯಬೇಡಿ.

ಮಲೆನಾಡಿನ ಮಳೆಗಾಲ ಇದಕ್ಕೆಲ್ಲ ದೊಡ್ಡ ಪರೀಕ್ಷೆ. ಎಂಡಿಎಫ್ ಬೇಡವೇ ಬೇಡ, ತೇವ ಹೀರಿ ಉಬ್ಬುತ್ತದೆ. ನೀರು ತಡೆಯುವ, ಐಎಸ್ 710 ಗುರುತಿನ 12 ಮಿ.ಮೀ. ಪ್ಲೈವುಡ್ ತಂದು ಎರಡೂ ಮುಖಕ್ಕೆ, ಮುಖ್ಯವಾಗಿ ಕೊಯ್ದ ಅಂಚಿಗೆ ಬಣ್ಣ ಹೊಡೆಯಿರಿ. ಒಂದೇ ಮುಖಕ್ಕೆ ಹೊಡೆದರೆ ಬೋರ್ಡ್ ಬಾಗುತ್ತದೆ. ಹಳಿಗಳು ನಿಕಲ್ ಸಿಲ್ವರ್‌ನವು, ತುಕ್ಕು ಹಿಡಿಯುವುದಿಲ್ಲ. ಆದರೆ ಹಳಿ ತುಂಡುಗಳನ್ನು ಸೇರಿಸುವ ಜಾಯಿನರ್‌ಗಳ ಒಳಗೆ ಕೊಳೆ ಕೂತು ಕರೆಂಟ್ ನಿಲ್ಲುತ್ತದೆ. ಪ್ರತಿ ತುಂಡು ಹಳಿಗೂ ಪ್ರತ್ಯೇಕ ವೈರ್ ಬೆಸೆಯಿರಿ. ಆ್ಯಸಿಡ್ ಫ್ಲಕ್ಸ್ ಬಳಸಿದರೆ ಆಷಾಢ ಕಳೆಯುವಷ್ಟರಲ್ಲಿ ಬೆಸುಗೆ ಹಸಿರುಗಟ್ಟುತ್ತದೆ, ರೋಸಿನ್ ಇರುವ ಸೋಲ್ಡರ್ ಸಾಕು. ಜಲ್ಲಿ ಅಂಟಿಸುವ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ನೀರು ಬೆರೆಸಿದ ಬಿಳಿ ಅಂಟು ಮಳೆಗಾಲದಲ್ಲಿ ಒಣಗದೆ ಬೂಷ್ಟು ಕಟ್ಟುತ್ತದೆ.

50 ಮಿ.ಮೀ. ಜಲ್ಲಿ 1:87ರಲ್ಲಿ 0.6 ಮಿ.ಮೀ. ಕ್ರಷರ್ ಪುಡಿಯನ್ನು ಸಣ್ಣ ಜರಡಿ ಹಿಡಿದರೆ ಇದು ಸಿಗುತ್ತದೆ. ಪಕ್ಕದ ನೆಲಕ್ಕೆ ಜಂಬಿಟ್ಟಿಗೆ ಪುಡಿಯಂಥ ಬಣ್ಣ ಬೇರೆ ಯಾವುದರಿಂದಲೂ ಬರದು. ಆದರೆ ಅದರಲ್ಲಿ ಕಬ್ಬಿಣದಂಶ ಇದೆ, ಅಯಸ್ಕಾಂತಕ್ಕೆ ಅಂಟುವ ಕಣಗಳು ಮೋಟರಿನೊಳಗೆ ಸೇರಿ ಅದನ್ನು ಕೆಡಿಸುತ್ತವೆ. ಬಲವಾದ ಅಯಸ್ಕಾಂತವನ್ನು ಪುಡಿಯಲ್ಲಿ ಹಲವು ಸಲ ಆಡಿಸಿ ಶುದ್ಧ ಮಾಡಿಕೊಂಡೇ ಹಾಕಿ.

ಇಷ್ಟೆಲ್ಲ ಮಾಡುವ ಮೊದಲು ಹಳೆಯ ಫೋಟೋಗಳನ್ನು ಗಮನಿಸಿ ನೋಡಬೇಕು. ಮೀಟರ್‌ಗೇಜಿನಲ್ಲಿ ಮರದ ಸ್ಲೀಪರ್ ಅಲ್ಲದೆ ಉಕ್ಕಿನ ತೊಟ್ಟಿ ಸ್ಲೀಪರ್, ಸಿಎಸ್‌ಟಿ-9 ಎಂಬ ಎರಕದ ಕಬ್ಬಿಣದ ಸ್ಲೀಪರ್ ಕೂಡ ಇದ್ದವು. ನಿಮ್ಮ ಫೋಟೋದಲ್ಲಿ ಎರಡು ಹಳಿಯ ನಡುವೆ ತೆಳು ಕಂಬಿ ಮಾತ್ರ ಕಂಡರೆ ಈ ಎರಡೂ ಟ್ರ್ಯಾಕ್ ಆ ಜಾಗಕ್ಕೆ ಸರಿಯಲ್ಲ. ಸ್ಟೇಷನ್ ಕಟ್ಟಡದ ಹೆಂಚಿನ ಮಾಡಿನ ಅಳತೆಗೆ ಫೋಟೋದಲ್ಲಿ ಹೆಂಚನ್ನೇ ಎಣಿಸಿ: ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಕೂರುತ್ತದೆ. ಪ್ಲಾಟ್‌ಫಾರ್ಮ್ ಎತ್ತರವನ್ನು ಮಾತ್ರ ಬ್ರಾಡ್‌ಗೇಜ್ ಆಗಿರುವ ಇವತ್ತಿನ ಸ್ಟೇಷನ್ ನೋಡಿ ತೆಗೆದುಕೊಳ್ಳಬೇಡಿ. ಮೀಟರ್‌ಗೇಜ್ ಪ್ಲಾಟ್‌ಫಾರ್ಮ್ ಹಳಿಯಿಂದ 305ರಿಂದ 405 ಮಿ.ಮೀ. ಎತ್ತರವಷ್ಟೇ, ಮಾದರಿಯಲ್ಲಿ 3.5ರಿಂದ 4.7.