ಸರಸ್ವತಿಪುರಂನ ಒಂದು ಫಿಸಿಯೊಥೆರಪಿ ಕೇಂದ್ರ: ಸಯಾಟಿಕ ನೋವು, ಬ್ಯಾಂಕಿನ ಕೆಲಸ ಮತ್ತು ಹನ್ನೊಂದು ವಾರಗಳ ಚಿಕಿತ್ಸೆ

ನನ್ನ ಮನೆ ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಮಂಡ್ಯದ ಬ್ಯಾಂಕ್ ಶಾಖೆಯೊಂದರ ಸಾಲ ವಿಭಾಗದಲ್ಲಿ. ಹೋಗಿ ಬರುವ ದಾರಿ ದಿನಕ್ಕೆ ಸುಮಾರು ತೊಂಬತ್ತು ಕಿಲೊಮೀಟರ್. ಅದರ ನಡುವೆ ಒಂಬತ್ತು ಗಂಟೆ ಕುರ್ಚಿ, ಮಾರ್ಚ್ ತಿಂಗಳಲ್ಲಾದರೆ ಹನ್ನೊಂದು ಗಂಟೆ. ವರ್ಷಕ್ಕೊಮ್ಮೆ ಸೊಂಟ ಹಿಡಿದುಕೊಳ್ಳುವುದು, ನಾಲ್ಕು ದಿನ ಮಾತ್ರೆ ನುಂಗಿ ಬಿಸಿನೀರಿನ ಶಾಖ ಕೊಟ್ಟು ಮತ್ತೆ ಕೆಲಸಕ್ಕೆ ಹೋಗುವುದು ನನಗೆ ರೂಢಿಯಾಗಿತ್ತು. ಕಳೆದ ಆಗಸ್ಟ್‌ನಲ್ಲಿ ನೋವು ಸೊಂಟದಲ್ಲಿ ನಿಲ್ಲದೆ ಬಲಗಡೆಯ ಪಿರ್ರೆಯಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ, ಕೊನೆಗೆ ಪಾದದ ಹೊರ ಅಂಚಿನವರೆಗೆ ಇಳಿಯಿತು. ಕಿರುಬೆರಳು ಸದಾ ಜೋಮು ಹಿಡಿದಂತಿರುತ್ತಿತ್ತು, ಸೀನಿದರೆ ಕಾಲಿನುದ್ದಕ್ಕೂ ಬೆಂಕಿ ಹರಿದಂತಾಗುತ್ತಿತ್ತು. ಸೊಂಟದ ಬಳಿ ನರ ಒತ್ತಿಹೋಗಿ ಕಾಲಿನುದ್ದಕ್ಕೂ ಇಳಿಯುವ ಈ ನೋವಿಗೇ ಸಯಾಟಿಕ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಕೆಲಸ ಬಿಡದೆ ನಾನು ಚೇತರಿಸಿಕೊಂಡದ್ದು ಮೈಸೂರಿನದೇ ಸರಸ್ವತಿಪುರಂನ ಒಂದು ಚಿಕ್ಕ ಫಿಸಿಯೊಥೆರಪಿ ಕೇಂದ್ರದ ನೆರವಿನಿಂದ. ಅದನ್ನು ನಡೆಸುವ ಮಹಿಳೆ ಒಬ್ಬರೇ ಕೆಲಸ ಮಾಡುತ್ತಾರೆ, ದಿನಕ್ಕೆ ಎಂಟು ಮಂದಿಗಿಂತ ಹೆಚ್ಚು ನೋಡುವುದಿಲ್ಲ, ತಮ್ಮ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಆದ್ದರಿಂದ ಈ ವಿಮರ್ಶೆಯಲ್ಲಿ ಹೆಸರಿಲ್ಲ. ಅಲ್ಲಿ ಏನು ನಡೆಯಿತು, ಅದು ಬೇರೆಡೆಗಿಂತ ಹೇಗೆ ಭಿನ್ನವಾಗಿತ್ತು ಎಂಬುದನ್ನು ವಿವರವಾಗಿ ಬರೆದರೆ ಇಂಥ ಸೇವೆಯನ್ನು ಹುಡುಕುವವರಿಗೆ ಗುರುತು ಹಿಡಿಯಲು ಅನುಕೂಲವಾದೀತೆಂದು ನಂಬಿದ್ದೇನೆ.

ಅಲ್ಲಿಗೆ ಹೋಗುವ ಮೊದಲು ನಾನು ಬೇರೊಂದು ಕಡೆ ಹದಿನೈದು ದಿನಗಳ ಪ್ಯಾಕೇಜಿಗೆ 7,500 ರೂಪಾಯಿ ಮುಂಗಡವಾಗಿ ಕಟ್ಟಿದ್ದೆ. ಹಾಸಿಗೆಯ ಮೇಲೆ ಮಲಗಿಸಿ, ಸೊಂಟಕ್ಕೆ ಪಟ್ಟಿ ಬಿಗಿದು ಟ್ರ್ಯಾಕ್ಷನ್ ಯಂತ್ರದಿಂದ ಎಳೆಯುವುದು, ಆಮೇಲೆ ಇಪ್ಪತ್ತು ನಿಮಿಷ ಐಎಫ್‌ಟಿ, ಅಂದರೆ ನೋವು ತಗ್ಗಿಸಲು ಚರ್ಮದ ಮೂಲಕ ಹಾಯಿಸುವ ಸೌಮ್ಯ ಕರೆಂಟ್ ಇಡುವುದು, ಅಷ್ಟೇ. ಹದಿನೈದು ದಿನಗಳಲ್ಲಿ ಯಾರೂ ನಾನು ಏನು ಕೆಲಸ ಮಾಡುತ್ತೇನೆಂದು ಕೇಳಲಿಲ್ಲ. ಯಂತ್ರ ಇಟ್ಟ ಹೊತ್ತಿನಲ್ಲಿ ಹಾಯೆನಿಸುತ್ತಿತ್ತು. ಮರುದಿನ ರೈಲಿನಿಂದ ಮಂಡ್ಯದಲ್ಲಿ ಇಳಿಯುವಷ್ಟರಲ್ಲಿ ಕಾಲು ಮೊದಲಿನಂತೆಯೇ ಸೆಳೆಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ ಮತ್ತು ರೋಗಿಗೆ ಕೊಡುವ ತಿಳಿವಳಿಕೆಯನ್ನು ಶಿಫಾರಸು ಮಾಡಿ, ಟ್ರ್ಯಾಕ್ಷನ್ ಹಾಗೂ ಸೊಂಟದ ಬೆಲ್ಟನ್ನು ಕೊಡಬಾರದ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿದೆ ಎಂಬುದು ನನಗೆ ಗೊತ್ತಾದದ್ದು ಆ ಹಣ ಕಟ್ಟಿದ ಮೇಲೆ.

ಸರಸ್ವತಿಪುರಂನ ಕೇಂದ್ರದಲ್ಲಿ ಮೊದಲ ಭೇಟಿ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಅದರಲ್ಲಿ ಮುಕ್ಕಾಲು ಪಾಲು ಪ್ರಶ್ನೆಗಳು. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ಎದ್ದ ತಕ್ಷಣ ಏನು ಮಾಡುತ್ತೀರಿ, ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆಯೇ, ಕಂಪ್ಯೂಟರ್ ಪರದೆ ಯಾವ ಎತ್ತರದಲ್ಲಿದೆ, ಲೆಡ್ಜರ್ ಫೈಲುಗಳನ್ನು ಯಾವ ಖಾನೆಯಿಂದ ತೆಗೆಯುತ್ತೀರಿ, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ. ನೋವು ಹೆಚ್ಚುವ ಮತ್ತು ತಗ್ಗುವ ಹೊತ್ತುಗಳನ್ನು ಗಡಿಯಾರದ ಲೆಕ್ಕದಲ್ಲಿ ಬರೆದುಕೊಂಡರು. ಬಳಿಕ ಅಂಗಾತ ಮಲಗಿಸಿ, ಮೊಣಕಾಲು ಮಡಿಸದೆ ಬಲಗಾಲನ್ನು ನಿಧಾನವಾಗಿ ಎತ್ತಿದರು. ನಲವತ್ತು ಡಿಗ್ರಿಯಷ್ಟು ಏಳುವಷ್ಟರಲ್ಲಿ ಮೀನಖಂಡದವರೆಗೆ ಸೆಳೆತ ಬಂತು. ತುದಿಗಾಲಿನಲ್ಲಿ ಹತ್ತು ಬಾರಿ ಏಳಲು ಹೇಳಿದರು, ಹಿಮ್ಮಡಿಯ ಮೇಲೆ ನಡೆಸಿದರು, ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ತಟ್ಟಿ ನೋಡಿದರು. ಮೂತ್ರದಲ್ಲಿ ತಡೆಯಾಗಲಿ ಅರಿವಿಲ್ಲದೆ ಸೋರುವುದಾಗಲಿ ಇದೆಯೇ, ಎರಡು ತೊಡೆಗಳ ನಡುವಿನ ಭಾಗದಲ್ಲಿ ಮರಗಟ್ಟಿದಂತಿದೆಯೇ ಎಂದು ಎರಡು ಸಲ ಕೇಳಿದರು. ಅವುಗಳಲ್ಲಿ ಒಂದಿದ್ದರೂ ತಾವು ಮುಟ್ಟುವುದಿಲ್ಲ, ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ಪಾದ ಜೋತುಬಿದ್ದು ನಡೆಯುವಾಗ ಎಡವುವಂತಾದರೂ ಕಾಯಬಾರದು ಎಂದರು. ಚಿಕಿತ್ಸೆ ಆರಂಭಿಸುವ ಮೊದಲು ತನ್ನ ಮಿತಿಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದರಿಂದಲೇ ನನಗೆ ಅವರಲ್ಲಿ ನಂಬಿಕೆ ಹುಟ್ಟಿತು.

ನಾನು ತೆಗೆದುಕೊಂಡು ಹೋಗಿದ್ದ ಎಂಆರ್‌ಐ ವರದಿಯಲ್ಲಿ ಎರಡು ಡಿಸ್ಕುಗಳು (ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗಳು) ಉಬ್ಬಿವೆ, ಎಲ್5 ಮತ್ತು ಎಸ್1 ಎಂಬ ಸೊಂಟದ ತಳದ ಮೂಳೆಗಳ ನಡುವಿನ ಡಿಸ್ಕು ನರದ ಬೇರನ್ನು ಒತ್ತುತ್ತಿದೆ, ಸವೆತವಿದೆ ಎಂದೆಲ್ಲ ಇತ್ತು. ಅದನ್ನು ಓದಿದಂದಿನಿಂದ ಬಗ್ಗಲು, ಕೊಡ ಎತ್ತಲು, ಮೆಟ್ಟಿಲಿಳಿಯಲು ಕೂಡ ನನಗೆ ಹೆದರಿಕೆ. ಅವರು ವರದಿಯನ್ನು ಪಕ್ಕಕ್ಕಿಟ್ಟು ಒಂದು ಸಂಗತಿ ತಿಳಿಸಿದರು: ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಇಪ್ಪತ್ತರ ಹರೆಯದವರಲ್ಲೇ ಶೇ 30 ಮಂದಿಗೆ ಡಿಸ್ಕು ಉಬ್ಬಿರುತ್ತದೆ, ಎಂಬತ್ತರ ವಯಸ್ಸಿಗೆ ಅದು ಶೇ 84 ಆಗುತ್ತದೆ. ಎರಡು ಉಬ್ಬುಗಳಲ್ಲಿ ನನ್ನ ಲಕ್ಷಣಕ್ಕೆ ಹೊಂದುವುದು ಒಂದೇ. ಇನ್ನೊಂದನ್ನು ತಲೆಯ ನರೆಗೂದಲಿನಂತೆ ಕಾಣಬಹುದು. ಡಿಸ್ಕಿನಿಂದ ಹೊರಬಂದ ಭಾಗವನ್ನು ದೇಹವೇ ಕರಗಿಸಿಕೊಳ್ಳುವುದು ಸಾಮಾನ್ಯ, ಹೆಚ್ಚಿನವರ ಕಾಲುನೋವು ಶಸ್ತ್ರಚಿಕಿತ್ಸೆಯಿಲ್ಲದೆ ಆರರಿಂದ ಹನ್ನೆರಡು ವಾರಗಳಲ್ಲಿ ಬಹಳಮಟ್ಟಿಗೆ ಇಳಿಯುತ್ತದೆ ಎಂದೂ ಹೇಳಿದರು. ಆ ರಾತ್ರಿ ಮೂರು ವಾರಗಳಲ್ಲಿ ಮೊದಲ ಬಾರಿಗೆ ನಾನು ಭಯವಿಲ್ಲದೆ ಮಗ್ಗುಲು ಬದಲಿಸಿದೆ.

ವ್ಯಾಯಾಮ ಬಹಳ ಸರಳವಾಗಿತ್ತು. ಬೋರಲು ಮಲಗುವುದು, ಎರಡು ನಿಮಿಷದ ಬಳಿಕ ಮೊಣಕೈಗಳ ಮೇಲೆ ಎದೆ ಎತ್ತುವುದು, ಅದು ಒಗ್ಗಿದ ಮೇಲೆ ಸೊಂಟವನ್ನು ಸಡಿಲ ಬಿಟ್ಟು ಅಂಗೈ ಊರಿ ಹತ್ತು ಬಾರಿ ಮೇಲೇಳುವುದು, ಇದನ್ನು ದಿನಕ್ಕೆ ಐದಾರು ಸಲ ಮಾಡುವುದು. ನೋಡಲು ಭುಜಂಗಾಸನದಂತೆಯೇ ಇದೆ. ಈ ಪದ್ಧತಿಯ ಮೂಲ ನ್ಯೂಜಿಲೆಂಡಿನ ಫಿಸಿಯೊಥೆರಪಿಸ್ಟ್ ರಾಬಿನ್ ಮೆಕೆಂಜಿ. 1956ರಲ್ಲಿ ವೆಲ್ಲಿಂಗ್ಟನ್‌ನ ಅವರ ಚಿಕಿತ್ಸಾಲಯದಲ್ಲಿ ಕಾಲುನೋವಿನ ರೋಗಿಯೊಬ್ಬರು ತಲೆಭಾಗ ಎತ್ತಿದ್ದ ಮಂಚದ ಮೇಲೆ ತಪ್ಪಾಗಿ ಬೋರಲು ಮಲಗಿಬಿಟ್ಟಿದ್ದರಂತೆ. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿಯಲ್ಲಿ ಕೆಲವು ನಿಮಿಷ ಇದ್ದದ್ದರಿಂದಲೇ ಅವರ ಕಾಲುನೋವು ಹೋದದ್ದನ್ನು ಕಂಡು ಮೆಕೆಂಜಿ ಆ ದಿಕ್ಕಿನಲ್ಲಿ ಯೋಚಿಸತೊಡಗಿದರು. ನಮ್ಮ ಫಿಸಿಯೊಥೆರಪಿಸ್ಟ್ ನನಗೆ ಒತ್ತಿ ಹೇಳಿದ್ದು ಅದರೊಳಗಿನ ಒಂದು ಅಂಶವನ್ನು: ನೋವು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದನ್ನು ಗಮನಿಸಬೇಕು. ಪಾದದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಮ್ಮೆಟ್ಟುತ್ತಿದ್ದರೆ, ಸೊಂಟದಲ್ಲಿ ನೋವು ಹೆಚ್ಚಾದರೂ ಅದು ಒಳ್ಳೆಯ ಲಕ್ಷಣ. ಕೆಳಕ್ಕೆ ಇಳಿಯುತ್ತಿದ್ದರೆ ನಿಲ್ಲಿಸಬೇಕು. ಎರಡನೆಯ ವಾರದ ಗುರುವಾರ ನನ್ನ ಮೀನಖಂಡ ಹಗುರಾಗಿ ಸೊಂಟ ಬಿಗಿದುಕೊಂಡಾಗ, ಈ ಮಾತು ಕೇಳಿರದಿದ್ದರೆ ನಾನು ವ್ಯಾಯಾಮವನ್ನೇ ಬಿಟ್ಟುಬಿಡುತ್ತಿದ್ದೆ.

ಎಲ್ಲರಿಗೂ ಇದೇ ವ್ಯಾಯಾಮವಲ್ಲ. ನಮ್ಮ ಬೀದಿಯ ಎಪ್ಪತ್ತೆರಡು ವರ್ಷದ ಹಿರಿಯರೊಬ್ಬರು ನನ್ನ ಮಾತು ಕೇಳಿ ಅಲ್ಲಿಗೆ ಹೋದರು. ಅವರಿಗೆ ಬೆನ್ನುಮೂಳೆಯೊಳಗೆ ನರಗಳು ಹಾಯುವ ಕಾಲುವೆ ಕಿರಿದಾಗಿ, ನಡೆದರೆ ಕಾಲು ಸೋಲುತ್ತದೆ, ಕೂತರೆ ಹಾಯೆನಿಸುತ್ತದೆ. ಅವರಿಗೆ ಕೊಟ್ಟದ್ದು ಮುಂದಕ್ಕೆ ಬಾಗುವ ವ್ಯಾಯಾಮ, ನನ್ನದಕ್ಕೆ ಪೂರ್ತಿ ವಿರುದ್ಧ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಬೆನ್ನಿನ ವ್ಯಾಯಾಮವನ್ನು ಮನೆಮಂದಿಯೆಲ್ಲ ಮಾಡುವ ರೂಢಿ ನಮ್ಮಲ್ಲಿದೆ. ದಯವಿಟ್ಟು ನಾನು ಬರೆದದ್ದನ್ನೂ ಹಾಗೆ ಬಳಸಬೇಡಿ.

ಈ ಸೇವೆಯಲ್ಲಿ ನಾನು ಅತ್ಯಂತ ಮೆಚ್ಚಿದ್ದು ಅವರು ನನ್ನ ದಿನಚರಿಯನ್ನು ತಿದ್ದಿದ ಬಗೆ. ಕೆಲಸ ಬಿಡಿ, ರಜೆ ಹಾಕಿ ಎಂದು ಒಮ್ಮೆಯೂ ಹೇಳಲಿಲ್ಲ. ಮೊದಲು ಕೈಯಿಟ್ಟದ್ದು ರಂಗೋಲಿಗೆ. ನಾನು ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ಸೊಂಟ ಬಗ್ಗಿಸಿ ರಂಗೋಲಿ ಬಿಡುತ್ತಿದ್ದೆ. ರಾತ್ರಿಯಿಡೀ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ, ಅದರಿಂದಲೇ ಬೆಳಿಗ್ಗೆ ನಮ್ಮ ಎತ್ತರ ಒಂದೆರಡು ಸೆಂಟಿಮೀಟರ್ ಹೆಚ್ಚಿರುತ್ತದೆ, ಆ ಹೊತ್ತಿನಲ್ಲಿ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ಹಗಲಿಗಿಂತ ಬಹಳ ಹೆಚ್ಚು ಎಂದು ವಿವರಿಸಿದರು. ರಂಗೋಲಿ ಹಾಕಬೇಡಿ ಎನ್ನಲಿಲ್ಲ. ಅಡುಗೆ, ತಿಂಡಿ ಮುಗಿಸಿ, ಹೊರಡುವ ಮುನ್ನ ಏಳೂವರೆಗೆ ಹಾಕಿ, ಅದೂ ಒಂದು ಮಂಡಿ ಊರಿ ಎಂದರು. ಹದಿನಾರು ವರ್ಷಗಳಲ್ಲಿ ಯಾವ ವೈದ್ಯರೂ ನನ್ನ ರಂಗೋಲಿಯ ಬಗ್ಗೆ ಕೇಳಿರಲಿಲ್ಲ.

ಆಮೇಲೆ ರೈಲು. ಮೈಸೂರಿನಿಂದ ಶ್ರೀರಂಗಪಟ್ಟಣದವರೆಗೆ ಕೂರುವುದು, ಅಲ್ಲಿಂದ ಪಾಂಡವಪುರ ದಾಟುವವರೆಗೆ ಬಾಗಿಲ ಬಳಿಯ ಕಂಬಿ ಹಿಡಿದು ನಿಲ್ಲುವುದು, ಮತ್ತೆ ಕೂರುವುದು. ಕೂರುವಾಗ ಸೊಂಟದ ಕುಳಿಗೆ ಸುತ್ತಿದ ಟವೆಲ್. ಅಂಗಡಿಯಲ್ಲಿ 900 ರೂಪಾಯಿಗೆ ಸಿಗುವ ಬೆನ್ನಿನ ದಿಂಬು ಬೇಕೇ ಎಂದು ಕೇಳಿದ್ದಕ್ಕೆ, ಅದೇ ಕೆಲಸವನ್ನು ಟವೆಲ್ ಮಾಡುತ್ತದೆ ಎಂದುಬಿಟ್ಟರು. ಶಾಖೆಯಲ್ಲಿ ನನ್ನ ಮೇಜಿನ ಮೇಲೆ ಹಳೆಯ ವೋಚರುಗಳ ಎರಡು ಗಟ್ಟಿ ಪೆಟ್ಟಿಗೆಗಳನ್ನು ಜೋಡಿಸಿ ಅದರ ಮೇಲೆ ಬರೆಯುವ ಎತ್ತರ ಮಾಡಿಕೊಂಡೆ. ಕಂಪ್ಯೂಟರ್ ಕೆಲಸ ಕೂತು, ಬೆಳೆಸಾಲದ ಅರ್ಜಿ ಮತ್ತು ಪಹಣಿ ಪರಿಶೀಲನೆ ನಿಂತು. ಮೊದಲ ವಾರ ಸಂಕೋಚವಾಗುತ್ತಿತ್ತು. ಕಬ್ಬಿನ ಸಾಲಕ್ಕೆ ಬಂದ ಅಜ್ಜಿಯೊಬ್ಬರು, ‘ಯಾಕವ್ವ ನಿಂತ್ಕಂಡೇ ಬರೀತಿದ್ದೀಯ, ಕೂತ್ಕಳವ್ವ’ ಎಂದು ತಾವೇ ಕುರ್ಚಿ ಎಳೆದುಕೊಟ್ಟರು. ಕಾರಣ ಹೇಳಿದಾಗ, ಕಳೆ ಕೀಳುವ ಕಾಲದಲ್ಲಿ ತಮಗೂ ಹೀಗೇ ಕಾಲು ಸೆಳೆಯುತ್ತದೆಂದು ತಮ್ಮ ತೊಡೆ ಮುಟ್ಟಿ ತೋರಿಸಿದರು. ದಿನವಿಡೀ ಬಗ್ಗಿ ದುಡಿಯುವ ಅಂಥವರಿಗೆ ಇಂಥ ಸಲಹೆ ಎಲ್ಲಿ ಸಿಗಬೇಕು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಒಟ್ಟು ಹನ್ನೊಂದು ವಾರಗಳಲ್ಲಿ ಒಂಬತ್ತು ಬಾರಿ ಹೋದೆ. ಮೊದಲ ಭೇಟಿಗೆ 600 ರೂಪಾಯಿ, ಉಳಿದ ಎಂಟಕ್ಕೆ ತಲಾ 400; ಎಲ್ಲ ಸೇರಿ 3,800. ಮುಂಗಡ ಕೇಳಲಿಲ್ಲ. ಆರನೆಯ ಭೇಟಿಯ ನಂತರ ಅವರೇ ‘ಮೇಡಂ, ಇನ್ನು ವಾರ ವಾರ ಬರಬೇಕಾಗಿಲ್ಲ’ ಎಂದು ಅಂತರ ಹೆಚ್ಚಿಸಿದರು. ನೋವು ಇಳಿದ ಮೇಲೆ ಸೊಂಟದ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮಗಳನ್ನು ಕಲಿಸಿದರು: ಮಂಡಿ ಮತ್ತು ಅಂಗೈ ಊರಿ ಎದುರುಬದುರಿನ ಕೈಕಾಲು ಚಾಚುವುದು, ಮಗ್ಗುಲಾಗಿ ಮೊಣಕೈ ಮೇಲೆ ದೇಹ ಎತ್ತಿ ಹಿಡಿಯುವುದು. ಜೊತೆಗೆ ನಡಿಗೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹತ್ತು ನಿಮಿಷದಿಂದ ಆರಂಭಿಸಿ ಈಗ ಭಾನುವಾರಗಳಲ್ಲಿ ಪೂರ್ತಿ ಒಂದು ಸುತ್ತು ಬರುತ್ತೇನೆ.

ಕೊರತೆಗಳೂ ಇವೆ. ಕೇಂದ್ರ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾಲು ಸೆಳೆಯುವವರಿಗೆ ಆ ಹದಿನೆಂಟು ಮೆಟ್ಟಿಲುಗಳು ನಿಜವಾದ ಕಷ್ಟ. ಕಾಯುವ ಕೋಣೆಯಲ್ಲಿ ಇರುವುದು ತಗ್ಗಾದ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳಿಂದ ಏಳುವುದೇ ಪ್ರಯಾಸ. ಸಂಜೆ ಏಳಕ್ಕೆ ಮುಚ್ಚುವುದರಿಂದ ಮಂಡ್ಯದಿಂದ ಬರುವ ನನ್ನಂಥವರಿಗೆ ಶನಿವಾರ ಮಾತ್ರ ಸಾಧ್ಯ, ಅದೂ ಬ್ಯಾಂಕಿಗೆ ರಜೆಯಿರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರ. ಉಳಿದ ಭೇಟಿಗಳಿಗೆ ನಾನು ಅರ್ಧ ದಿನದ ರಜೆ ಹಾಕಬೇಕಾಯಿತು. ಮನೆಗೆ ಕೊಡುವ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಷ್ಟೇ ಇತ್ತು. ಇದನ್ನು ನಾನು ಸಣ್ಣ ಕೊರತೆಯೆಂದು ಭಾವಿಸುವುದಿಲ್ಲ. ನನ್ನ ಪಕ್ಕದಲ್ಲಿ ಕಾಯುತ್ತಿದ್ದ ಹೂ ಕಟ್ಟುವ ಹೆಂಗಸೊಬ್ಬರು ಆ ಹಾಳೆಯನ್ನು ಮಡಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡು, ಮನೆಯಲ್ಲಿ ಮಗ ಬಂದ ಮೇಲೆ ಓದಿಸಿಕೊಳ್ಳುತ್ತೇನೆ ಎಂದಾಗ ನನಗೆ ಸಂಕಟವಾಯಿತು. ಮುಂದಿನ ಭೇಟಿಗೆ ಹೋಗುವಾಗ ಅದನ್ನು ಕನ್ನಡದಲ್ಲಿ ಬರೆದು ಒಯ್ದೆ, ಫಿಸಿಯೊಥೆರಪಿಸ್ಟ್ ಎರಡು ಕಡೆ ತಿದ್ದಿ ಜೆರಾಕ್ಸ್ ಮಾಡಿಸಿಕೊಂಡರು.

ಮಾರ್ಚ್ ಕೊನೆಯ ವಾರದಲ್ಲಿ ನೋವು ಮತ್ತೆ ಬಂತು. ಲೆಕ್ಕ ಮುಗಿಸುವ ಒತ್ತಡದಲ್ಲಿ ಮೂರು ದಿನ ನಿಲ್ಲುವುದನ್ನೂ ಮರೆತಿದ್ದೆ. 29ರ ಸಂಜೆ ತೊಡೆಯ ಹಿಂಭಾಗದಲ್ಲಿ ಹಳೆಯ ಸೆಳೆತ. ಫೋನ್ ಮಾಡಿದೆ. ಮೊಣಕಾಲಿನಿಂದ ಕೆಳಗೆ ಇಳಿದಿದೆಯೇ, ತುದಿಗಾಲಿನಲ್ಲಿ ಏಳಲು ಆಗುತ್ತದೆಯೇ ಎಂದು ಕೇಳಿ, ಇಲ್ಲ, ಆಗುತ್ತದೆ ಎಂಬ ಉತ್ತರ ಬಂದ ಮೇಲೆ, ಎರಡು ಗಂಟೆಗೊಮ್ಮೆ ಬೋರಲು ಮಲಗುವ ವ್ಯಾಯಾಮ ಮಾಡಿ, ನಾಲ್ಕು ದಿನ ನೋಡಿ, ಇಳಿಯದಿದ್ದರೆ ಮಾತ್ರ ಬನ್ನಿ ಎಂದರು. ಶಾಖೆಯ ದಾಖಲೆ ಕೊಠಡಿಯಲ್ಲಿ ಜಮಖಾನ ಹಾಸಿ, ಬಾಗಿಲು ಮುಂದಕ್ಕೆ ಮಾಡಿ, ಎರಡು ದಿನ ಹಾಗೇ ಮಾಡಿದೆ. 31ರ ರಾತ್ರಿ ಒಂಬತ್ತೂಮುಕ್ಕಾಲಿಗೆ ಲೆಕ್ಕ ಮುಗಿಯುವ ಹೊತ್ತಿಗೆ ಸೆಳೆತ ಸೊಂಟಕ್ಕೆ ಹಿಂದಿರುಗಿತ್ತು. ಏಪ್ರಿಲ್‌ನಲ್ಲಿ ನಾನು ಅಲ್ಲಿಗೆ ಹೋಗಬೇಕಾಗಿ ಬರಲಿಲ್ಲ.