ಫೋನಿನಲ್ಲೇ ಕನ್ನಡ ಸ್ಲೈಡ್ ಮಾಡೋದು: ಮೂರು ಆ್ಯಪ್ ಬಳಸಿ ನೋಡಿದ ಮೇಲೆ

ನಾನು ಕಾಸರಗೋಡಿನ ಕುಂಬಳೆ ಕಡೆ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಎಲ್ಲ ಫೋನಿನಲ್ಲೇ. ಬೇಕಲ ಕೋಟೆಯ ಪಾಠವನ್ನು ಪವರ್‌ಪಾಯಿಂಟ್, ಗೂಗಲ್ ಸ್ಲೈಡ್ಸ್, ಕ್ಯಾನ್ವಾ ಮೂರರಲ್ಲೂ ಮಾಡಿ ನೋಡಿದೆ. ಕೆಳದಿಯ ಶಿವಪ್ಪ ನಾಯಕ, ಹೈದರ್, ಟಿಪ್ಪು, 1799ರ ನಂತರ ಕಂಪೆನಿ ಆಡಳಿತ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು, 1984ರಲ್ಲಿ ಬೇರೆ ಜಿಲ್ಲೆಯಾದದ್ದು, ಜೊತೆಗೆ ಫೋಟೊಗಳು, ಒಂದು ನಕ್ಷೆ. ವಿಷಯ ಇಷ್ಟೇ.

ನೋಡಲು ಚಂದ ಅಂದರೆ ಕ್ಯಾನ್ವಾ. ಸಿದ್ಧ ವಿನ್ಯಾಸ ಬೇಕಾದಷ್ಟಿದೆ, ಫೋಟೊ ಒತ್ತಿ ಎಳೆದರೆ ಸಾಕು, ಬೆರಳಿಗೆ ತುಂಬಾ ಸಲೀಸು. ಕಿರೀಟದ ಗುರುತು ಇರುವುದಕ್ಕೆ ಮಾತ್ರ ದುಡ್ಡು ಕೊಡಬೇಕು. ಆದರೆ ಅಲ್ಲಿನ ಚಂದದ ಅಕ್ಷರಗಳಲ್ಲಿ ಹೆಚ್ಚಿನವು ಇಂಗ್ಲಿಷಿಗೆ ಮಾಡಿದವು, ಅವುಗಳಲ್ಲಿ ಕನ್ನಡವೇ ಇಲ್ಲ. ಮೊದಲೇ ನೋಟೊ ಸಾನ್ಸ್ ಕನ್ನಡ ಅನ್ನುವ ಅಕ್ಷರಶೈಲಿ ಆರಿಸಿಕೊಂಡರೆ ಆ ತಲೆನೋವು ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ನೆಟ್ ಕೂಡ ಹೋಗುವ ನಮ್ಮ ಕಡೆ ಇದನ್ನೊಂದೇ ನಂಬಿ ಕೂರಬಾರದು.

ಪವರ್‌ಪಾಯಿಂಟ್‌ಗೆ ನೆಟ್ ಇಲ್ಲದಿದ್ದರೂ ಆಗುತ್ತದೆ. ಫೈಲ್ ಫೋನಿನಲ್ಲೇ ಉಳಿಯುತ್ತದೆ. ಸಣ್ಣ ಪರದೆಯ ಫೋನಿನಲ್ಲಿ ಸಾಮಾನ್ಯ ಕೆಲಸಕ್ಕೆ ದುಡ್ಡಿಲ್ಲ, ಅನಿಮೇಶನ್ ಕೂಡ ಹಾಕಬಹುದು. ಕೋಟೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಒಂದೊಂದೇ ಸಾಲು ಬರುವ ಹಾಗೆ ಮಾಡಿದರೆ ಮಕ್ಕಳು ಮುಂದಿನದನ್ನು ಊಹಿಸುತ್ತಾರೆ, ಅಲ್ವಾ? ಅದು ನನಗೆ ಬೇಕೇ ಬೇಕು. ಟೈಪ್ ಮಾಡುವಾಗ ಮಾತ್ರ ಕೀಬೋರ್ಡ್ ಮತ್ತು ಮೆನು ಸೇರಿ ಪರದೆಯ ಅರ್ಧ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲು ನೋಟ್ಸ್ ಆ್ಯಪ್‌ನಲ್ಲಿ ಬರೆದು ಆಮೇಲೆ ಪೇಸ್ಟ್ ಮಾಡುತ್ತೇನೆ.

ಗೂಗಲ್ ಸ್ಲೈಡ್ಸ್ ಸಾದಾ. ಆದರೆ ಮಕ್ಕಳ ಗುಂಪು ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ: ಲಿಂಕ್ ಕಳಿಸಿದರೆ ಒಬ್ಬರು ಟಿಪ್ಪುವಿನ ಸ್ಲೈಡ್, ಇನ್ನೊಬ್ಬರು ನಕ್ಷೆ ಅಂತ ಅವರವರ ಮನೆಯಿಂದಲೇ ಒಂದೇ ಫೈಲ್‌ನಲ್ಲಿ ಮಾಡುತ್ತಾರೆ, ಸೇವ್ ತಾನೇ ಆಗುತ್ತದೆ. ಆಫ್‌ಲೈನ್ ಗುರುತು ಹಾಕಿಟ್ಟರೆ ನೆಟ್ ಇಲ್ಲದಾಗಲೂ ತಿದ್ದಬಹುದು.

ನಿಜವಾದ ಪರೀಕ್ಷೆ ಇರುವುದು ಶಾಲೆಯಲ್ಲಿ. ಕೇರಳದ ಸರಕಾರಿ ಶಾಲೆಗಳ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಕೈಟ್‌ನ (ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ) ಲಿನಕ್ಸ್ ಇದೆ, ಸ್ಲೈಡ್ ತೆರೆಯುವುದು ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ. ನಾವು ಹಾಕಿದ ಅಕ್ಷರಶೈಲಿ ಅಲ್ಲಿ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಆಗ ಸಾಲು ಉದ್ದವಾಗಿ ಪೆಟ್ಟಿಗೆಯಿಂದ ಹೊರಗೆ ಚಾಚುತ್ತದೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೂರು ಆ್ಯಪ್‌ಗಳಿಗೂ ಈ ಮಾತು ಒಂದೇ. ಹಾಗಾಗಿ ಸಾಲುಗಳ ನಡುವೆ ಜಾಗ ಜಾಸ್ತಿ ಬಿಟ್ಟು, ಕೊನೆಗೆ ಪಿಡಿಎಫ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ. ಪಿಡಿಎಫ್‌ನಲ್ಲಿ ಅಕ್ಷರ ಜೊತೆಗೇ ಹೋಗುತ್ತದೆ. ಅನಿಮೇಶನ್ ಮಾತ್ರ ಉಳಿಯುವುದಿಲ್ಲ, ಅದು ಬೇಕಿದ್ದರೆ ಒಂದೊಂದು ಸಾಲು ಸೇರಿಸುತ್ತಾ ಸ್ಲೈಡನ್ನೇ ನಕಲು ಮಾಡಿ.

ಈಗ ನನ್ನ ಪಾಠಗಳೆಲ್ಲ ಪವರ್‌ಪಾಯಿಂಟ್‌ನಲ್ಲಿ, ಮಕ್ಕಳ ಪ್ರಾಜೆಕ್ಟ್ ಗೂಗಲ್ ಸ್ಲೈಡ್ಸ್‌ನಲ್ಲಿ. ಕ್ಯಾನ್ವಾ ಶಾಲಾ ವಾರ್ಷಿಕೋತ್ಸವದಂಥದ್ದಕ್ಕೆ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲ್‌ಗಳಿಂದ ನಕಲು ಮಾಡುವವರು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಯಾವ ಆ್ಯಪ್‌ನಲ್ಲೂ ಕನ್ನಡ ಕಾಣಿಸುವುದಿಲ್ಲ.