ಪ್ಲಾಸ್ಟಿಗೇಜ್ ವಿಮರ್ಶೆ: 383 ಸ್ಟ್ರೋಕರ್ ಕಟ್ಟುವಾಗ ಈ ದಾರವನ್ನು ಎಲ್ಲಿವರೆಗೆ ನಂಬಬಹುದು?

ಷೆವರ್ಲೆಯ ಹಳೆಯ 350 ವಿ8 ಬ್ಲಾಕ್ ತೆಗೆದುಕೊಂಡು, 4 ಇಂಚಿನ ಬೋರನ್ನು (ಸಿಲಿಂಡರಿನ ವ್ಯಾಸ) 30 ಥೌ ಹಿಗ್ಗಿಸಿ, 3.48 ಇಂಚು ಸ್ಟ್ರೋಕಿನ (ಪಿಸ್ಟನ್ ಏರಿಳಿಯುವ ದೂರ) ಕ್ರ್ಯಾಂಕ್ ಬದಲು 3.75 ಇಂಚಿನದನ್ನು ಕೂರಿಸಿದರೆ 383 ಘನ ಇಂಚಿನ ಎಂಜಿನ್ ಆಗುತ್ತದೆ. (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, ಸುಮಾರು 0.025 ಮಿ.ಮೀ.) ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಬಹಳ ಕಾಲದಿಂದ ಕಟ್ಟುತ್ತ ಬಂದಿರುವ ಸ್ಟ್ರೋಕರ್, ಅಂದರೆ ಸ್ಟ್ರೋಕ್ ಹೆಚ್ಚಿಸಿದ ಎಂಜಿನ್, ಇದು. ಕ್ರ್ಯಾಂಕ್, ರಾಡ್, ಪಿಸ್ಟನ್, ಬೇರಿಂಗ್ ಎಲ್ಲ ಕಿಟ್ ಆಗಿಯೇ ಸಿಗುತ್ತವೆ. ಅಳತೆಯ ಕೆಲಸ ಮಾತ್ರ ಕಟ್ಟುವವರ ತಲೆಗೆ. ಆಗ ಹೆಚ್ಚಿನವರು ಮೊದಲು ಕೊಳ್ಳುವ ಸಾಮಾನು ಪ್ಲಾಸ್ಟಿಗೇಜ್: ಕಾಗದದ ಲಕೋಟೆಯಲ್ಲಿ ಬರುವ, ಮೇಣದಂಥ ತೆಳ್ಳನೆಯ ಪ್ಲಾಸ್ಟಿಕ್ ದಾರ. ಬೇರಿಂಗ್ ಮತ್ತು ಅದರೊಳಗೆ ತಿರುಗುವ ಕ್ರ್ಯಾಂಕಿನ ನಡುವೆ ಎಣ್ಣೆಗೆ ಉಳಿಯುವ ಜಾಗವನ್ನು ಇದು ಅಳೆಯುತ್ತದೆ.

ಸಾಮಾನ್ಯವಾಗಿ ಸಿಗುವುದು ಮೂರು ಬಣ್ಣ. ಹಸಿರು 1ರಿಂದ 3 ಥೌ ಅಳೆಯುತ್ತದೆ, ಕೆಂಪು 2ರಿಂದ 6, ನೀಲಿ 4ರಿಂದ 9. ಈ ಎಂಜಿನ್ನಿಗೆ ಬೇಕಾದದ್ದು ಹಸಿರು. ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ವ್ಯಾಸದ ಪ್ರತಿ ಇಂಚಿಗೆ ಒಂದು ಥೌ ಎಣ್ಣೆಯ ಜಾಗ ಎಂಬುದು ಹಳೆಯ ಲೆಕ್ಕ. ರಾಡ್ ಜರ್ನಲ್ 2.1 ಇಂಚು, 350 ಬ್ಲಾಕಿನ ಮೇನ್ ಜರ್ನಲ್ (ಬ್ಲಾಕಿನಲ್ಲಿ ಕೂರುವುದು) 2.45 ಇಂಚು. ಹಾಗಾಗಿ ಎರಡೂ ಕಡೆ 2ರಿಂದ 2.5 ಥೌ ಸಿಕ್ಕರೆ ಬೀದಿಯಲ್ಲಿ ಓಡುವ ಕಾರಿಗೆ ಬೇಕಾದಷ್ಟಾಯಿತು.

ಬಳಕೆ ಸುಲಭ, ಆದರೆ ಕೈ ತಪ್ಪುವುದೂ ಅಷ್ಟೇ ಸುಲಭ. ಬ್ಲಾಕನ್ನು ತಲೆಕೆಳಗಾಗಿ ಇಟ್ಟಿರಬೇಕು. ಕ್ರ್ಯಾಂಕಿನ ಭಾರ ಬ್ಲಾಕ್ ಕಡೆಯ ಶೆಲ್ (ಬೇರಿಂಗಿನ ಅರ್ಧ ಹೋಳು) ಮೇಲೆ ಕೂತು, ಇರುವ ಜಾಗವೆಲ್ಲ ಕ್ಯಾಪ್ (ಇನ್ನರ್ಧ ಹೋಳನ್ನು ಹಿಡಿಯುವ ಮುಚ್ಚಳ) ಕಡೆಗೆ ಬರುತ್ತದೆ. ಜರ್ನಲ್ ಮತ್ತು ಶೆಲ್ ಎರಡರ ಎಣ್ಣೆಯನ್ನೂ ಪೂರ್ತಿ ಒರೆಸಿ. ಎಣ್ಣೆಯ ತೂತು ತಪ್ಪಿಸಿ, ಬೇರಿಂಗಿನ ಅಗಲಕ್ಕೆ ಸರಿಯಾಗಿ ಒಂದು ತುಂಡು ಅಡ್ಡಲಾಗಿ ಇಡಿ. ಎಂಜಿನ್ ಕೊನೆಗೆ ಕಟ್ಟುವ ಬೋಲ್ಟುಗಳನ್ನೇ ಹಾಕಿ, ಅವುಗಳ ತಯಾರಕರು ಹೇಳಿದ ಲೂಬ್ರಿಕೆಂಟ್ ಹಚ್ಚಿ, ಅವರು ಕೊಟ್ಟ ಟಾರ್ಕಿಗೆ ಹಂತ ಹಂತವಾಗಿ ಬಿಗಿ ಮಾಡಿ. ಇಷ್ಟರ ನಡುವೆ ಕ್ರ್ಯಾಂಕ್ ಕೂದಲೆಳೆಯಷ್ಟು ತಿರುಗಿದರೂ ದಾರ ಬಳಿದುಕೊಂಡು ಅಳತೆ ಕೆಡುತ್ತದೆ. ರಾಡ್ ಬೋಲ್ಟ್ ಬಿಗಿಯುವಾಗ ಈ ತಪ್ಪು ಆಗುವುದು ಜಾಸ್ತಿ. ಕ್ಯಾಪ್ ಬಿಚ್ಚಿ, ಚಪ್ಪಟೆಯಾದ ಪಟ್ಟಿಯನ್ನು ಲಕೋಟೆಯ ಮೇಲಿನ ಸ್ಕೇಲಿಗೆ ಹೋಲಿಸಿ. ಪಟ್ಟಿ ಅಗಲವಾದಷ್ಟೂ ಜಾಗ ಕಡಿಮೆ. ಒಂದು ತುದಿ ಅಗಲ, ಇನ್ನೊಂದು ಸಪೂರ ಇದ್ದರೆ ಜರ್ನಲ್ ಓರೆಯಾಗಿದೆ ಎಂದರ್ಥ. ಉಳಿದ ಮೇಣವನ್ನು ಎಣ್ಣೆ ಬಟ್ಟೆಯಿಂದ ಒರೆಸಬೇಕು. ಸ್ಕ್ರೂಡ್ರೈವರ್ ತಾಗಿಸಿದರೆ ಶೆಲ್ ಹೋಯಿತು.

ಇಷ್ಟಕ್ಕೆ ಪ್ಲಾಸ್ಟಿಗೇಜಿಗೆ ಪೂರ್ತಿ ಅಂಕ. ಆದರೆ ಅದು ಹೇಳುವುದು ತಾನಿದ್ದ ಒಂದು ಗೆರೆಯ ಸಂಗತಿ. ಶೆಲ್‌ಗಳು ನಡುವೆ ದಪ್ಪ, ಜೋಡಿ ಕೂಡುವ ಅಂಚಿನ ಹತ್ತಿರ ತೆಳು. ಬೇರಿಂಗಿನ ಬೋರ್ ಅಂಡಾಕಾರವಾಗಿದೆಯೇ ಎಂದು ತಿಳಿಯಲು ಡಯಲ್ ಬೋರ್ ಗೇಜ್, ಮೈಕ್ರೋಮೀಟರ್ ಎರಡೂ ಬೇಕು. ಸ್ಕೇಲಿನ ಎರಡು ಗುರುತಿನ ನಡುವೆ ಬಿದ್ದ ಪಟ್ಟಿಯನ್ನು ಕಣ್ಣಂದಾಜಿನಲ್ಲಿ ಓದಬೇಕಾಗುತ್ತದೆ. ಅರ್ಧ ಥೌ ಸರಿಪಡಿಸಲು ಒಂದು ಪಕ್ಕದ ಶೆಲ್ ಮಾತ್ರ ಬದಲಾಯಿಸುವ ಮಟ್ಟಕ್ಕೆ ಹೋಗುವವರಿಗೆ ಆ ಅಂದಾಜು ಸಾಲದು. ಕ್ರ್ಯಾಂಕಿನ ಮೂಲೆಯ ದುಂಡು ದೊಡ್ಡದಾಗಿದ್ದು ಶೆಲ್ ಅಂಚು ಅದಕ್ಕೆ ಉಜ್ಜುತ್ತಿದ್ದರೂ ದಾರಕ್ಕೆ ಗೊತ್ತಾಗದು. ಕೈಯಿಂದ ಕೆಲವು ಸುತ್ತು ತಿರುಗಿಸಿ, ಶೆಲ್ ತೆಗೆದು, ಅಂಚಿನಲ್ಲಿ ಹೊಳಪು ಬಂದಿದೆಯೇ ನೋಡಬೇಕು.

ಸ್ಟ್ರೋಕರ್ ಎಂಜಿನ್ ಕೆಡುವುದು ಬಹುಮಟ್ಟಿಗೆ ದಾರ ಹೋಗದ ಜಾಗಗಳಲ್ಲೇ. ಸ್ಟ್ರೋಕ್ 0.27 ಇಂಚು ಹೆಚ್ಚಿತೆಂದರೆ ರಾಡಿನ ಬುಡ ಎಲ್ಲ ದಿಕ್ಕಿಗೂ 0.135 ಇಂಚು ಹೊರಗೆ ಚಾಚುತ್ತದೆ. ಮೊದಲು ತಾಗುವುದು ಬೋರಿನ ತಳ ಮತ್ತು ಆಯಿಲ್ ಪ್ಯಾನ್ ಕೂರುವ ಅಂಚು, ಆಮೇಲೆ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ). 1, 2, 5, 6ನೇ ಸಿಲಿಂಡರುಗಳ ರಾಡ್ ಬೋಲ್ಟಿನ ಭುಜ ಕ್ಯಾಮಿನ ಲೋಬಿಗೆ (ವಾಲ್ವ್ ಎತ್ತುವ ಉಬ್ಬು) ಹತ್ತಿರ ಹಾಯುತ್ತದೆ. ಎಲ್ಲ ಕಡೆ ಕನಿಷ್ಠ 60 ಥೌ ಬಿಡಿ. ಇದಕ್ಕೆ ವಿಶೇಷ ಉಪಕರಣ ಬೇಡ: 1.5 ಮಿ.ಮೀ. ಅಲೆನ್ ಕೀ ಸಲೀಸಾಗಿ ತೂರಿದರೆ ಸರಿ. ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು, ಅದೂ ಟೈಮಿಂಗ್ ಚೈನ್ ಹಾಕಿ, ಕ್ಯಾಮನ್ನು ಕೊನೆಗೆ ನಿಲ್ಲಿಸುವ ಡಿಗ್ರಿಯಲ್ಲೇ ನಿಲ್ಲಿಸಿ. ಜಾಗ ಸಾಲದಿದ್ದರೆ ಸಣ್ಣ ಬೇಸ್ ಸರ್ಕಲಿನ (ಲೋಬಿನ ಉಬ್ಬು ಬಿಟ್ಟ ದುಂಡು ಭಾಗ) ಕ್ಯಾಮ್, ಇಲ್ಲವೇ ಸ್ಟ್ರೋಕರಿಗೆಂದೇ ಭುಜ ತಗ್ಗಿಸಿದ ರಾಡ್.

ಬ್ಲಾಕಿಗೆ ತಾಗುವ ಕಡೆ ಮಾರ್ಕರಿನಿಂದ ಗುರುತು ಹಾಕಿ, ಕ್ರ್ಯಾಂಕ್ ಹೊರತೆಗೆದು, ಬರ್ (ತಿರುಗುವ ಅರ) ಹಾಕಿ ಉಜ್ಜಬೇಕು. ಗೋಡೆಯ ಹಿಂದೆಯೇ ನೀರಿನ ದಾರಿ ಇರುತ್ತದೆ, ಆದ್ದರಿಂದ ಸ್ವಲ್ಪ ಉಜ್ಜಿ, ಮತ್ತೆ ಜೋಡಿಸಿ, ಮತ್ತೆ ನೋಡಿ. ಈ ಕೆಲಸ ಕೊನೆಯ ಹೋನಿಂಗಿಗೆ (ಸಿಲಿಂಡರ್ ಗೋಡೆಯನ್ನು ಉಜ್ಜಿ ನಯ ಮಾಡುವ ಕೆಲಸ) ಮೊದಲೇ ಮುಗಿಯಬೇಕು. ಉಜ್ಜಿದ ಪುಡಿ ಎಣ್ಣೆ ದಾರಿಯಲ್ಲಿ ಉಳಿದರೆ ಹಸಿರು ದಾರ ತೋರಿಸಿದ ಒಳ್ಳೆಯ ಅಳತೆಗೆ ಬೆಲೆಯಿಲ್ಲ.

ಪಿಸ್ಟನ್ ಮತ್ತು ವಾಲ್ವ್ ನಡುವಣ ಜಾಗಕ್ಕೆ ಮಕ್ಕಳು ಆಡುವ ಕ್ಲೇ ಸಾಕು. ಪಿಸ್ಟನ್ ತಲೆಯ ವಾಲ್ವ್ ಕುಳಿಗಳಲ್ಲಿ ಒತ್ತಿ, ಅಂಟದಂತೆ ಮೇಲೆ ಎಣ್ಣೆ ಸವರಿ, ಮುಂದೆ ಹಾಕುವ ಗ್ಯಾಸ್ಕೆಟ್ಟಿನಷ್ಟೇ ದಪ್ಪದ ಹಳೆಯದೊಂದನ್ನು ಹಾಕಿ ಹೆಡ್ ಬಿಗಿಯಿರಿ. ಕ್ಯಾಮ್ ಮತ್ತು ವಾಲ್ವ್ ನಡುವಿನ ಹೈಡ್ರಾಲಿಕ್ ಲಿಫ್ಟರ್ ಒಳಗೆ ಕುಸಿದು ಸುಳ್ಳು ಲೆಕ್ಕ ಕೊಡುತ್ತದೆ, ಆ ಹೊತ್ತಿಗೆ ಸಾಲಿಡ್ ಲಿಫ್ಟರ್ ಹಾಕಿ. ಎರಡು ಸುತ್ತಿನ ಬಳಿಕ ಹೆಡ್ ತೆಗೆದು, ಬ್ಲೇಡಿನಿಂದ ಕ್ಲೇ ಕೊಯ್ದು, ಅತಿ ತೆಳುವಾದ ಕಡೆ ವರ್ನಿಯರ್ ಹಿಡಿಯಿರಿ. ಇನ್‌ಟೇಕ್ ಕಡೆ 80 ಥೌ, ಎಕ್ಸಾಸ್ಟ್ ಕಡೆ 100 ಥೌ ಇಲ್ಲದಿದ್ದರೆ ಮುಂದೆ ಹೋಗಬೇಡಿ. ಆಮೇಲೆ ಕ್ಯಾಮನ್ನು ನಾಲ್ಕು ಡಿಗ್ರಿ ಅಡ್ವಾನ್ಸ್ ಮಾಡಿದರೆ (ವಾಲ್ವ್ ಮುಂಚೆ ತೆರೆಯುವಂತೆ ತಿರುಗಿಸಿದರೆ) ಇನ್‌ಟೇಕ್ ಕಡೆಯ ಜಾಗ ಕಿರಿದಾಗುತ್ತದೆ, ಹಾಗಾಗಿ ಇನ್ನೊಮ್ಮೆ ಕ್ಲೇ ಒತ್ತಬೇಕು.

ಕೊಳ್ಳುವುದಾದರೆ ಹಸಿರಿನ ಎರಡು ಲಕೋಟೆ ತನ್ನಿ. ಐದು ಮೇನ್, ಎಂಟು ರಾಡ್ ಸೇರಿ ಹದಿಮೂರು ತುಂಡು ಬೇಕು. ಹನ್ನೆರಡು ಇಂಚಿನ ಒಂದು ದಾರ ಒಂದೇ ಸರದಿಗೆ ಮುಗಿಯುತ್ತದೆ, ಕೈ ಅಲುಗಿ ಹಾಳಾದ ತುಂಡಿಗೆ ಉಳಿಯುವುದಿಲ್ಲ. ಅಂಗಡಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ನೇತಾಡಿ ಒಣಗಿದ ಲಕೋಟೆ ಬೇಡ. ಬಗ್ಗಿಸಿದಾಗ ಪಟಕ್ಕನೆ ಮುರಿಯುವ ದಾರ ಸರಿಯಾಗಿ ಹರಡುವುದಿಲ್ಲ. ಜಾಗ 3 ಥೌ ಮೀರಿ ಕೆಂಪು ದಾರ ತರಬೇಕಾಗಿ ಬಂದರೆ ಅದನ್ನು ಕೊಳ್ಳುವ ಮೊದಲು ಕ್ರ್ಯಾಂಕನ್ನೇ ಮತ್ತೊಮ್ಮೆ ಮೈಕ್ರೋಮೀಟರಿಗೆ ಕೊಡಿ.